ಕಂಡದ್ದು ಯಾರ ಸೊತ್ತು?

ಇನ್ನೊಬ್ಬರ ದೇಹದಲ್ಲಿ ರೋಗದ ಗುರುತೊಂದು ನಮ್ಮ ಕಣ್ಣಿಗೆ ಬಿದ್ದರೆ ನಮ್ಮ ಕರ್ತವ್ಯವೇನು? ಹೇಳಬೇಕೆ, ಸುಮ್ಮನಿರಬೇಕೆ? ಹೇಳುವುದಾದರೆ ಯಾರೊಡನೆ? ಎಚ್.ಐ.ವಿ. ಸೋಂಕಿನ ವಿಷಯದಲ್ಲಿ ಈ ಪ್ರಶ್ನೆ ಬಹಳ ಕಠಿಣವಾಗುತ್ತದೆ. ಏಕೆಂದರೆ ಆ ಸೋಂಕಿನ ಲಕ್ಷಣ ಹಲವರಲ್ಲಿ ಮೊದಲು ತೋರುವುದು ಬಾಯಿಯಲ್ಲಿ. ಬಾಯಿಯಾದರೋ ಬಟ್ಟೆಯಿಂದ ಮುಚ್ಚಿಡುವ ಅಂಗವಲ್ಲ. ಉಣ್ಣುವಾಗ, ನಗುವಾಗ ತೆರೆಯಲೇಬೇಕು.

1981ರ ಜೂನ್ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಐವರು ಯುವಕರ ಬಗ್ಗೆ ಪ್ರಕಟವಾದ ವರದಿ ಏಡ್ಸ್ ಕುರಿತ ಮೊದಲ ವೈದ್ಯಕೀಯ ದಾಖಲೆ. ಶ್ವಾಸಕೋಶದ ಅಪರೂಪದ ಕಾಯಿಲೆಯ ಜತೆಗೆ ಅವರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕೂ ಇತ್ತು. ಅದು ನಾಲಗೆ, ಅಂಗುಳಗಳ ಮೇಲೆ ಒಡೆದ ಮೊಸರಿನಂತೆ ಬೆಳ್ಳಗೆ ಕೂರುತ್ತದೆ, ಒರಸಿದರೆ ಎದ್ದುಬರುತ್ತದೆ. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯರು ಇನ್ನೊಂದು ಗುರುತನ್ನು ದಾಖಲಿಸಿದರು: ನಾಲಗೆಯ ಅಂಚಿನಲ್ಲಿ ಮೂಡುವ, ಒರಸಿದರೂ ಹೋಗದ ಬಿಳಿ ಗೆರೆಗಳು. ರೋಗನಿರೋಧಕ ಶಕ್ತಿ ಕುಗ್ಗತೊಡಗಿದಾಗ, ಮನುಷ್ಯ ಇನ್ನೂ ಓಡಾಡಿಕೊಂಡಿರುವಾಗಲೇ, ಇವು ಕಾಣಿಸಿಕೊಳ್ಳಬಹುದು.

ಆದರೆ ಕಾಣುವುದು ಬೇರೆ, ತಿಳಿಯುವುದು ಬೇರೆ. ಸಕ್ಕರೆ ಕಾಯಿಲೆಯವರಿಗೆ, ಆಂಟಿಬಯೋಟಿಕ್ ನುಂಗಿದವರಿಗೆ, ಉಬ್ಬಸಕ್ಕೆ ಇನ್‌ಹೇಲರ್ ಬಳಸುವವರಿಗೆ, ಹಾಲು ಕುಡಿಯುವ ಹಸುಳೆಗೆ ಕೂಡ ಬಾಯಿ ಬೆಳ್ಳಗಾಗುವುದುಂಟು. ನಮ್ಮದು ಅಡಿಕೆಯ ನಾಡು. ಎಲೆ, ಅಡಿಕೆ, ಹೊಗೆಸೊಪ್ಪಿನಿಂದ ಬರುವ ಬಿಳಿ ಮಚ್ಚೆಗಳು ಬೇರೆಯೇ, ಅವು ಕ್ಯಾನ್ಸರಿಗೆ ತಿರುಗಬಲ್ಲವು. ಪರೀಕ್ಷೆ ಮಾಡದೆ ಎಚ್.ಐ.ವಿ. ಎಂದು ತೀರ್ಪು ಕೊಡುವ ಅಧಿಕಾರ ಯಾರ ಕಣ್ಣಿಗೂ ಇಲ್ಲ.

ಹಾಗಾದರೆ ಸುಮ್ಮನಿರುವುದೇ ಸಭ್ಯತೆಯೆ? ಅದೂ ಅಲ್ಲ. 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಉಚಿತ ಔಷಧಿ ಆರಂಭಿಸಿತು; 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಅದು ಸಿಗುತ್ತದೆ. ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಬೇಗ ತಿಳಿದವನಿಗೆ ಆಯುಸ್ಸಿದೆ. ನಮ್ಮ ಸಂಕೋಚದ ಮೌನಕ್ಕೆ ಬೆಲೆ ತೆರುವವನು ಅವನು.

ನಾನು ಬ್ಯಾಂಕಿನ ಗುಮಾಸ್ತ. ಗೌಪ್ಯ ಕಾಪಾಡುವೆನೆಂದು ಸಹಿ ಹಾಕಿ ಕೆಲಸಕ್ಕೆ ಸೇರಿದವನು. ಯಾರ ಚಿನ್ನ ಅಡವಿನಲ್ಲಿದೆ, ಯಾರ ಕಂತು ತಪ್ಪಿದೆ ಎಂಬುದು ದಿನವೂ ಕಣ್ಣಿಗೆ ಬೀಳುತ್ತದೆ. ಕಂತು ತಪ್ಪಿದವನಿಗೆ ತಿಳಿಸದಿದ್ದರೆ ಬಡ್ಡಿ ಬೆಳೆಯುತ್ತದೆ. ನೆರೆಮನೆಯವನಿಗೆ ತಿಳಿಸಿದರೆ ಮಾನ ಹೋಗುತ್ತದೆ. ಮಾತು ಸಲ್ಲಬೇಕಾದದ್ದು ಖಾತೆದಾರನಿಗೆ ಮಾತ್ರ. ದೇಹವೂ ಒಂದು ಖಾತೆಯೇ.

ಮತ್ತೊಬ್ಬರ ಜೀವ ಅಪಾಯದಲ್ಲಿದ್ದರೆ? 1998ರಲ್ಲಿ ಇಂತಹ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಮದುವೆಯಾಗಲಿದ್ದ ಹೆಣ್ಣಿನ ಆರೋಗ್ಯದ ಹಕ್ಕು ವರನ ಗೌಪ್ಯಕ್ಕಿಂತ ಮಿಗಿಲೆಂದಿತು. 2018ರಲ್ಲಿ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ ಅಲ್ಲಿಗೆ ಬೇಲಿ ಕಟ್ಟಿತು. ಸಂಗಾತಿಗೆ ಅಪಾಯವಿದ್ದು, ಬುದ್ಧಿ ಹೇಳಿದರೂ ರೋಗಿ ತಾನಾಗಿ ತಿಳಿಸದಿದ್ದರೆ, ಅವನಿಗೆ ಮುಂಚಿತವಾಗಿ ಹೇಳಿಯೇ ವೈದ್ಯರು ಅಥವಾ ಸಮಾಲೋಚಕರು ಸಂಗಾತಿಗೆ ತಿಳಿಸಬಹುದು. ತಿಳಿಸಿದರೆ ಹಿಂಸೆ ನಡೆದೀತೆಂಬ ಭಯವಿದ್ದಲ್ಲಿ, ಮುಖ್ಯವಾಗಿ ಹೆಂಗಸರ ವಿಷಯದಲ್ಲಿ, ತಿಳಿಸಕೂಡದು. ಈ ಬೇಲಿಯೊಳಗೆ ನೆರೆಯವರಿಗಾಗಲಿ ನೆಂಟರಿಗಾಗಲಿ ಜಾಗವಿಲ್ಲ.

ಗಡಿನಾಡಿನ ಕನ್ನಡಿಗರಾದ ನಮಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿ ಎಲ್ಲರೂ ಎಲ್ಲರನ್ನು ಬಲ್ಲವರು. ಗುಸುಗುಸು ಮಾತಿಗೆ ಭಾಷೆಯ ಗಡಿಯಿಲ್ಲ. ಕನ್ನಡದಲ್ಲಿ ಹುಟ್ಟಿ, ತುಳುವಿನಲ್ಲಿ ಬೆಳೆದು, ಮಲಯಾಳದಲ್ಲಿ ಬಸ್ಸು ಹತ್ತುತ್ತದೆ. ಅದು ಕೆಡಿಸುವುದು ಮಾನವನ್ನು ಮಾತ್ರವಲ್ಲ, ಮದ್ದನ್ನೂ. ಊರಿನ ಬಾಯಿಗೆ ಹೆದರಿದವನು ತನ್ನ ಬಾಯಿಯನ್ನು ವೈದ್ಯರಿಗೂ ತೋರಿಸಲಾರ. ಮೊದಲೇ ಸಿಕ್ಕಿದ ಗುರುತು ಹಾಗೆ ವ್ಯರ್ಥವಾಗುತ್ತದೆ.

ಆದ್ದರಿಂದ ಕಂಡವನು ಆಡಬೇಕಾದದ್ದು ಒಂದೇ ಮಾತು, ಅದೂ ಒಬ್ಬರೇ ಇರುವಾಗ: "ಮಾರಾಯ್ರೇ, ನಾಲಗೆ ಬೆಳ್ಳಗಾದ ಹಾಗೆ ಕಾಣ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ." ರೋಗದ ಹೆಸರು ಬೇಡ, ಕಾರಣದ ವಿಚಾರಣೆಯೂ ಬೇಡ. ವೈದ್ಯರು ಸೂಚಿಸಿದರೆ ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ 'ಜ್ಯೋತಿಸ್' ಎಂಬ ಹೆಸರಿನ ಕೇಂದ್ರಗಳಿವೆ. ಅಲ್ಲಿ ಪರೀಕ್ಷೆ ಉಚಿತ, ಗೌಪ್ಯ. ಜತೆಗೆ ಬರಲೇ ಎಂದು ಕೇಳಬಹುದು. ಬೇಡವೆಂದರೆ, ಕಂಡದ್ದನ್ನು ಅವರಲ್ಲೇ ಬಿಟ್ಟು ಬರಬೇಕು.