ಒಡೆದದ್ದು ಯಾರ ಲೆಕ್ಕಕ್ಕೆ?

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂಬ ಗಾದೆಯನ್ನು ಕೇಳದ ಹೆಂಗಸರು ನಮ್ಮಲ್ಲಿ ಯಾರಿದ್ದಾರೆ? ಅತ್ತೆಯ ಕೈಯಿಂದ ಜಾರಿದರೆ ಅದು ಹಳೇ ಮಡಕೆ, ಹೇಗೂ ಬಿರುಕು ಬಿಟ್ಟಿತ್ತು. ಅದೇ ಮಡಕೆ ಸೊಸೆಯ ಕೈಯಿಂದ ಜಾರಿದರೆ ತಾತನ ಕಾಲದ್ದು, ಅಂಥದ್ದು ಇನ್ನು ಎಲ್ಲಿ ಸಿಗುತ್ತದೆ! ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಆ ಗಾದೆಯ ಹೊಟ್ಟೆಯೊಳಗೆ ನಗು ತರಿಸದ ಪ್ರಶ್ನೆಯೊಂದು ಕೂತಿದೆ. ಒಂದು ವಸ್ತು ಒಡೆದಾಗ ಆ ನಷ್ಟ ಯಾರಿಗೆ ಸೇರಬೇಕು? ಒಡೆಯುವ ಗಳಿಗೆಯಲ್ಲಿ ಅದು ಯಾರ ಕೈಯಲ್ಲಿತ್ತೋ ಅವರಿಗೇ ಏನು?

ಈ ಪ್ರಶ್ನೆ ಕಳೆದ ವರ್ಷ ನನ್ನ ತಲೆಗೆ ಹೊಕ್ಕದ್ದು ಪೆನ್ನುಗಳ ನೆಪದಲ್ಲಿ. ನಾವಿರುವುದು ಮೈಸೂರಿನ ವಿಜಯನಗರದಲ್ಲಿ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬಳಿದ್ದಾಳೆ. ಗಂಡ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ಅವಳು ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಮನೆಯಲ್ಲೇ ಕುಳಿತು ಮರದ ಪೆನ್ನುಗಳನ್ನು ಜೋಡಿಸುತ್ತಾಳೆ. ಸಾಮಾನು ಕೊಡುವವರೊಬ್ಬರು ಲೇತಿನ ಮೇಲೆ ಕಡೆದು, ಹೊಳಪು ಕೊಟ್ಟ ಬೀಟೆ ಮರದ ಕೊಳವೆಗಳನ್ನೂ ಲೋಹದ ಬಿಡಿಭಾಗಗಳನ್ನೂ ಚೀಲದಲ್ಲಿ ತಂದು ಕೊಡುತ್ತಾರೆ. ಇವಳು ಜೋಡಿಸಿ ಕೊಡಬೇಕು. ಲೆಕ್ಕ ಪೆನ್ನಿಗಿಷ್ಟು ಎಂದು. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಊದುಬತ್ತಿ ಹೊಸೆಯುವ ಹೆಂಗಸರಿಗೂ ಇಂಥದೇ ಲೆಕ್ಕವಲ್ಲವೇ?

ಅವಳ ಜೊತೆ ಕುಳಿತು ನೋಡುವವರೆಗೆ ಪೆನ್ನಿನೊಳಗೆ ಇಷ್ಟೆಲ್ಲ ಇದೆಯೆಂದು ನನಗೆ ತಿಳಿದಿರಲಿಲ್ಲ. ಮರದ ತುಂಡಿಗೆ ಉದ್ದಕ್ಕೆ ತೂತು ಕೊರೆದು, ಒಳಗೆ ತೆಳುವಾದ ಹಿತ್ತಾಳೆಯ ಕೊಳವೆಯನ್ನು ಅಂಟಿಸಿರುತ್ತಾರೆ. ಅನಂತರ ಮರವನ್ನು ಕಡೆಯುತ್ತಾರೆ. ಕಡೆದಾದ ಮೇಲೆ ತುದಿಯಲ್ಲಿ ಉಳಿಯುವ ಮರದ ದಪ್ಪ ಒಂದು ಮಿಲಿಮೀಟರಿನ ಆಸುಪಾಸು, ಗೋಡಂಬಿಯ ಸಿಪ್ಪೆಯಷ್ಟೂ ಇಲ್ಲ. ಆ ತುದಿಗೆ ಪೆನ್ನಿನ ಮೂತಿಯನ್ನು ಒತ್ತಿ ಕೂರಿಸಬೇಕು. ಇನ್ನೊಂದು ತುದಿಗೆ ರೀಫಿಲ್ಲನ್ನು ಹೊರಕ್ಕೂ ಒಳಕ್ಕೂ ತಿರುಗಿಸುವ ಭಾಗ. ಮೇಲಿನ ತುಂಡಿಗೆ ಕ್ಲಿಪ್ಪು, ಅದರ ಮೇಲೊಂದು ಟೊಪ್ಪಿ, ನಡುವೆ ಒಂದು ಉಂಗುರ. ಯಾವುದಕ್ಕೂ ತಿರುಪಿಲ್ಲ. ಎಲ್ಲವೂ ಒತ್ತಡದಲ್ಲೇ ನಿಲ್ಲಬೇಕು. ಸಡಿಲವಾದರೆ ಕಳಚಿ ಬೀಳುತ್ತದೆ, ಬಿಗಿಯಾದರೆ ಮರ ಸೀಳುತ್ತದೆ. ತಿರುಗಿಸುವ ಭಾಗವನ್ನು ಕೂದಲೆಳೆಯಷ್ಟು ಹೆಚ್ಚು ಒತ್ತಿದರೂ ರೀಫಿಲ್ಲಿನ ಮೊನೆ ಒಳಗೆ ಹೋಗದೆ ಹೊರಗೇ ನಿಂತುಬಿಡುತ್ತದೆ. ಒಮ್ಮೆ ಒತ್ತಿದ ಮೇಲೆ ಬಿಚ್ಚುವುದು ಕಷ್ಟ, ಬಿಚ್ಚಲು ಹೋದರೆ ಇದ್ದದ್ದೂ ಹಾಳು.

ಅವಳು ಒತ್ತುವ ಕ್ರಮವನ್ನು ನೋಡಬೇಕು. ಮೇಜಿನ ಅಂಚಿಗೆ ಬಿಗಿದ ಸಣ್ಣ ವೈಸಿನ ಎರಡು ದವಡೆಗಳಿಗೂ ಮೆದು ಮರದ ಚೂರು ಅಂಟಿಸಿದ್ದಾಳೆ, ಲೋಹಕ್ಕೆ ಗೀರು ಬೀಳದಿರಲೆಂದು. ಮೊದಲು ಕೊಳವೆಯ ಒಳಗೆ ಕಣ್ಣಿಟ್ಟು ಬೆಳಕಿನ ಕಡೆಗೆ ಹಿಡಿದು ನೋಡುತ್ತಾಳೆ. ಭಾಗವನ್ನು ಬೆರಳಿನಿಂದಲೇ ನೆಟ್ಟಗೆ ಇಡುತ್ತಾಳೆ. ಹಿಡಿಯನ್ನು ಕಾಲು ಸುತ್ತು ತಿರುಗಿಸಿ ನಿಲ್ಲುತ್ತಾಳೆ, ನೋಡುತ್ತಾಳೆ, ಮತ್ತೆ ಕಾಲು ಸುತ್ತು. ಹಸುಗೂಸಿಗೆ ಅಂಗಿ ತೊಡಿಸುವಾಗ ಅದರ ಕೈಯನ್ನು ತೋಳಿನೊಳಗೆ ತೂರಿಸುವುದಿಲ್ಲವೇ, ಆ ನಿಧಾನ.

ಇಷ್ಟಾದರೂ ಒಡೆಯುತ್ತಿತ್ತು. ಒಂದು ಪೆನ್ನು ಒಡೆದರೆ ಪೂರಾ ಸಾಮಾನಿನ ಬೆಲೆಯನ್ನು ಕೂಲಿಯಲ್ಲಿ ಹಿಡಿಯುತ್ತಿದ್ದರು. ಎಂಟು ಪೆನ್ನಿನ ಕೂಲಿ ಒಂದು ಒಡೆದ ಪೆನ್ನಿಗೆ ಹೋಗುತ್ತಿತ್ತು. ಮಳೆಗಾಲ ಕಳೆದು ಗಾಳಿ ಒಣಗಿದ ಒಂದು ವಾರವಂತೂ ಅವಳಿಗೆ ಕೈಗೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಮಗಳ ಶಾಲೆಯ ಬಸ್ಸಿನ ಹಣ ಕಟ್ಟಲು ಆ ತಿಂಗಳು ಸಾಲ ತೆಗೆದಳು. “ನನ್ನ ಕೈಯೇ ಸರಿಯಿಲ್ಲ ಮೇಡಂ, ಬಿಟ್ಟುಬಿಡ್ತೀನಿ” ಅಂದಳು. ಹಣ ಹೋದದ್ದಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಚುಚ್ಚಿತು. ಇಪ್ಪತ್ತೇಳು ವರ್ಷಗಳ ಪಾಠದ ಕೋಣೆಯಲ್ಲಿ ಆ ಮಾತಿನ ಅಣ್ಣತಮ್ಮಂದಿರನ್ನು ನಾನು ದಿನವೂ ಕೇಳುತ್ತೇನೆ. “ನನಗೆ ಲೆಕ್ಕ ತಲೆಗೆ ಹತ್ತಲ್ಲ ಮಿಸ್.” ಲೆಕ್ಕದ ಯಾವ ಮೆಟ್ಟಿಲಲ್ಲಿ ಎಡವಿತು ಎಂದು ನೋಡುವ ಮೊದಲೇ ಮಗು ತನ್ನ ಇಡೀ ತಲೆಯ ಮೇಲೆ ತೀರ್ಪು ಬರೆದುಕೊಂಡಿರುತ್ತದೆ.

ಸಾಮಾನು ಕೊಡುವವರ ಮಾತಿನಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳಲಾರೆ. ಅವರೂ ದೊಡ್ಡ ಸಾಹುಕಾರರಲ್ಲ. “ಒಡೆದದ್ದಕ್ಕೆ ಕೇಳೋರೇ ಇಲ್ಲ ಅಂದರೆ ಯಾರು ಜೋಪಾನ ಮಾಡ್ತಾರೆ ಮೇಡಂ?” ಎಂದು ಅವರು ಕೇಳಿದ್ದು ತಳ್ಳಿಹಾಕುವ ಮಾತೇನಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೀಟೆ ಮರ ಬೆಳೆಯಲು ಒಂದು ತಲೆಮಾರಿಗಿಂತ ಹೆಚ್ಚು ಬೇಕು. ಅದನ್ನು ಹದವಾಗಿ ಒಣಗಿಸಿ, ಕೊರೆದು, ಕಡೆದು, ಉಜ್ಜಿ ತಂದ ಮೇಲೆ ಕೊನೆಯ ಒಂದು ಒತ್ತಿನಲ್ಲಿ ಸೀಳಿಹೋದರೆ ಯಾರಿಗಾದರೂ ಕರುಳು ಚುರ್ರೆನ್ನುತ್ತದೆ. ಕೈಯಲ್ಲಿ ಹಿಡಿದವರಿಗೆ ಹೊಣೆಯಿದೆ. ನನ್ನ ತಕರಾರು ಹೊಣೆಯ ಬಗ್ಗೆ ಅಲ್ಲ, ಅದನ್ನು ಹಂಚಿದ ರೀತಿಯ ಬಗ್ಗೆ.

ಕೆ.ಆರ್. ನಗರದ ಕಡೆಯ ನಮ್ಮ ಹಳ್ಳಿಗೆ ಶ್ರಾವಣ ಬಂತೆಂದರೆ ಬಳೆಗಾರ ಬರುತ್ತಿದ್ದ. ಜಗಲಿಯ ಮೇಲೆ ಕುಳಿತು ನಮ್ಮ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಮಡಿಸಿ, ಗೆಣ್ಣುಗಳನ್ನು ಹಿಸುಕಿ ಮೆತ್ತಗೆ ಮಾಡಿ, ಗಾಜಿನ ಬಳೆಯನ್ನು ಒಂದೊಂದಾಗಿ ದಾಟಿಸುತ್ತಿದ್ದ. ಗಾಜಿಗಿಂತ ನಾಜೂಕಾದದ್ದು ಇನ್ನೇನಿದೆ? ಒಂದೊಂದು ಸಲ ಚಟ್ಟೆಂದು ಒಡೆಯುತ್ತಿತ್ತು. ಅವನು ಚೂರನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಬಳೆ ತೆಗೆಯುತ್ತಿದ್ದ. ಕೊನೆಗೆ ಎಣಿಸುವಾಗ ಕೈಯಲ್ಲಿ ನಿಂತ ಬಳೆಗಳಿಗೆ ಮಾತ್ರ ದುಡ್ಡು. “ನಿನ್ನ ಕೈ ದಪ್ಪ, ಅದಕ್ಕೇ ಒಡೀತು” ಎಂದು ಅವನು ಯಾರಿಂದಲೂ ಕಾಸು ಕೇಳಿದ್ದನ್ನು ನಾನು ಕಾಣೆ. ಹಾಗೆಂದು ಅವನೇನು ನಷ್ಟದಲ್ಲಿ ವ್ಯಾಪಾರ ಮಾಡುತ್ತಿರಲಿಲ್ಲ. ಗಾಜನ್ನು ತಲೆಯ ಮೇಲೆ ಹೊತ್ತು ಊರೂರು ಸುತ್ತುವವನಿಗೆ ಇಷ್ಟರಲ್ಲಿ ಇಷ್ಟು ಒಡೆಯುತ್ತದೆ ಎಂಬ ಅಂದಾಜು ಮೊದಲೇ ಇರುತ್ತಿತ್ತು. ಅದನ್ನು ಸೇರಿಸಿಯೇ ಡಜನ್ನಿಗೆ ಬೆಲೆ ಹೇಳುತ್ತಿದ್ದ. ನಾಜೂಕಾದ ವಸ್ತುವಿನ ವ್ಯಾಪಾರಕ್ಕೆ ಇಳಿದವನು ಅದರ ನಾಜೂಕಿನ ಬೆಲೆಯನ್ನೂ ಹೊರಬೇಕು ಎಂಬುದು ಅವನಿಗೆ ಯಾರೂ ಪಾಠ ಹೇಳದೆ ತಿಳಿದಿತ್ತು.

ಕಾನೂನೂ ಇದಕ್ಕೆ ದೂರದ ಮಾತಾಡುವುದಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲಿ, ಕೆಲಸಗಾರರ ವಶಕ್ಕೆ ಒಪ್ಪಿಸಿದ ವಸ್ತು ಹಾಳಾದರೆ, ಅದು ನೇರವಾಗಿ ಅವರ ಅಲಕ್ಷ್ಯದಿಂದ ಅಥವಾ ತಪ್ಪಿನಿಂದ ಆಗಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು ಎಂದಿತ್ತು. ಹಿಡಿಯುವ ಮೊದಲು ಅವರ ಮಾತು ಕೇಳಬೇಕು, ಆದ ನಷ್ಟಕ್ಕಿಂತ ಹೆಚ್ಚು ಹಿಡಿಯಕೂಡದು. 2019ರ ವೇತನ ಸಂಹಿತೆಯೂ ಈ ಮಾತನ್ನು ಉಳಿಸಿಕೊಂಡಿದೆ. ಆದರೆ ಅಡುಗೆಮನೆಯ ಪಕ್ಕದ ಮೇಜಿನ ಮೇಲೆ, ಬಾಯಿಮಾತಿನ ಕರಾರಿನಲ್ಲಿ ಕೆಲಸ ಮಾಡುವ ಹೆಂಗಸು ಕಾಯ್ದೆಯ ಪುಸ್ತಕ ಹಿಡಿದು ಎಲ್ಲಿಗೆ ಹೋಗುತ್ತಾಳೆ? ಅವಳಿಗೆ ಬೇಕಾದದ್ದು ಒಂದೇ, ಹಿಡಿಯುವ ಮೊದಲು ಯಾರಾದರೂ “ಹೇಗೆ ಒಡೆಯಿತು?” ಎಂದು ಕೇಳುವುದು.

ಯಾರೂ ಕೇಳದಿದ್ದರೆ ನಾವೇ ಕೇಳಿಕೊಳ್ಳೋಣ ಎಂದು ನಾನು ಅವಳಿಗೆ ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟೆ. ಒಡೆದ ಪ್ರತಿಯೊಂದನ್ನೂ ಎಸೆಯದೆ ಇಟ್ಟು, ತಾರೀಖು ಹಾಕಿ, ಎಲ್ಲಿ ಸೀಳಿತು, ಯಾವ ಭಾಗ ಕೂರಿಸುವಾಗ ಸೀಳಿತು ಎಂದು ಬರೆಯಬೇಕು. ಎರಡು ತಿಂಗಳಲ್ಲಿ 17 ಒಡೆದಿದ್ದವು. ಮೇಜಿನ ಮೇಲೆ ಸಾಲಾಗಿ ಇಟ್ಟು ಇಬ್ಬರೂ ನೋಡಿದೆವು. 6ರಲ್ಲಿ ಹಿತ್ತಾಳೆಯ ಒಳಗೆ ಅಂಟು ಇಳಿದು ಗಟ್ಟಿಯಾಗಿ ನಿಂತಿತ್ತು. ಭಾಗ ಒಳಗೆ ಹೋಗಲು ಜಾಗವಿಲ್ಲದೆ ಕೊಳವೆಯನ್ನು ಅಗಲಿಸಿತ್ತು, ಮರ ಸೀಳಿತ್ತು. 5ರಲ್ಲಿ ಮರ ಎಳೆಯ ಗುಂಟ ನೇರವಾಗಿ, ಒತ್ತುವ ಮೊದಲೇ ಸಣ್ಣಗೆ ಬಿರಿದಿದ್ದ ಗುರುತು. ಹಸಿಯಿರುವ ಮರ ಒಣಹವೆಯಲ್ಲಿ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಹಾಗೆ ಕುಗ್ಗುವುದಿಲ್ಲ. ಕುಗ್ಗಲು ದಾರಿಯಿಲ್ಲದ ಮರ ಬಿರಿಯದೆ ಏನು ಮಾಡೀತು? 3 ಕ್ಲಿಪ್ಪುಗಳು ಕುತ್ತಿಗೆಯಲ್ಲಿ ತುಂಡಾಗಿದ್ದವು. ಅಗ್ಗದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದವು, ಹಿತ್ತಾಳೆಯ ಹಾಗೆ ಬಾಗಿ ಸಹಿಸುವ ಗುಣ ಅವಕ್ಕಿಲ್ಲ. ಉಳಿದ 3 ಮಾತ್ರ ಓರೆಯಾಗಿ ಕೂತು ಸೀಳಿದ್ದವು. ಅವು ಮೂರೂ ರಾತ್ರಿ ಹತ್ತು ಗಂಟೆಯ ಮೇಲಿನವು, ಮಾರನೆಯ ಬೆಳಿಗ್ಗೆಗೆ ನೂರು ಪೆನ್ನು ಬೇಕೆಂದ ದಿನದವು.

ಹದಿನೇಳು ಒಡಕುಗಳೂ ಅವಳ ಕೈಯಲ್ಲೇ ಆದವು. ಆದರೆ ಹದಿನಾಲ್ಕು ಅವಳ ಕೈಯಲ್ಲಿ ಶುರುವಾದವಲ್ಲ. ಒಂದು ಅಂಟು ಹಚ್ಚಿದವನ ಅವಸರದಲ್ಲಿ ಶುರುವಾಗಿತ್ತು, ಒಂದು ಮರ ಒಣಗಲು ಬಿಡದವರ ಆತುರದಲ್ಲಿ, ಒಂದು ನಾಲ್ಕು ಕಾಸು ಉಳಿಸಲು ಹೋದ ಕೊಳ್ಳುವಿಕೆಯಲ್ಲಿ. ಅವೆಲ್ಲ ಸದ್ದಿಲ್ಲದೆ ನಡೆದುಬಂದು ಕೊನೆಯ ಕೈಯಲ್ಲಿ ಸದ್ದು ಮಾಡಿದವು. ಸದ್ದು ಬಂದ ಕಡೆಗೆ ತಿರುಗಿ ನೋಡುವುದು ಮನುಷ್ಯರ ಸ್ವಭಾವ. ಆದರೆ ನ್ಯಾಯ ಹೇಳುವವರು ಸದ್ದಿನ ಹಿಂದೆಯೂ ನೋಡಬೇಕಲ್ಲ?

ನೋಟ್‌ಬುಕ್ಕನ್ನೂ ಚೂರುಗಳನ್ನೂ ನೋಡಿದ ಮೇಲೆ ಸಾಮಾನು ಕೊಡುವವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಂಟಿನದೂ ಬಿರಿದದ್ದೂ ತಮ್ಮ ಲೆಕ್ಕಕ್ಕೆ ಎಂದು ಒಪ್ಪಿದರು. ಕ್ಲಿಪ್ಪಿನ ಮಾತನ್ನು ತೇಲಿಸಿಬಿಟ್ಟರು. ಹಳೆಯ ಕಡಿತದ ಹಣವೇನೂ ವಾಪಸು ಬರಲಿಲ್ಲ. ಪೂರಾ ನ್ಯಾಯ ಸಿಕ್ಕಿತೆನ್ನಲಾರೆ. ಆದರೆ ಅವಳು ಕೆಲಸ ಬಿಡಲಿಲ್ಲ, ತನ್ನ ಕೈ ಸರಿಯಿಲ್ಲ ಎನ್ನುವುದನ್ನು ಬಿಟ್ಟಳು. ಈಗ ಕೊಳವೆಯೊಳಗೆ ಅಂಟು ಕಂಡರೆ ಕೆರೆದು ತೆಗೆಯುತ್ತಾಳೆ, ಬಿರುಕು ಕಂಡರೆ ಒತ್ತದೆ ಪಕ್ಕಕ್ಕಿಡುತ್ತಾಳೆ. ರಾತ್ರಿ ಹತ್ತರ ಮೇಲೆ ವೈಸಿಗೆ ಕೈ ಹಾಕುವುದಿಲ್ಲ. ತನ್ನ ಪಾಲಿನ ಮೂರನ್ನು ಅವಳು ಯಾರೂ ಹೇಳದೆಯೇ ಹೊತ್ತುಕೊಂಡಳು. ಇದನ್ನು ನೀವು ಗಮನಿಸಬೇಕು. ಹದಿನೇಳನ್ನೂ ಹೊರಿಸಿದ್ದಾಗ ಅವಳು ಕಲಿತದ್ದು ಹೆದರಿಕೆಯೊಂದನ್ನೇ. ಮೂರು ಮಾತ್ರ ತನ್ನದೆಂದು ತಿಳಿದ ಮೇಲೆ ತಿದ್ದಿಕೊಂಡಳು. ಜೋಪಾನ ಬರುವುದು ಸರಿಯಾದ ಅಳತೆಯ ಹೊಣೆಯಿಂದ. ಹೊರಲಾರದಷ್ಟು ಹೊರೆಯಿಂದ ಬರುವುದು ಕೈನಡುಕ, ನಡುಗುವ ಕೈ ಮತ್ತೆ ಒಡೆಯುತ್ತದೆ.

ಇನ್ನೊಂದು ಮಾತು. ಪೆನ್ನುಗಳಲ್ಲೂ ಜಾತಿಗಳಿವೆ. ಗೋದಾವರಿ ತೀರದ ರಾಜಮಹೇಂದ್ರಿಯಲ್ಲಿ ರತ್ನಂ ಅವರ ಮನೆತನದವರು ಎಬೊನೈಟ್ ಎಂಬ ಗಟ್ಟಿ ರಬ್ಬರಿನಲ್ಲಿ ಕೈಯಿಂದ ಕಡೆದು ಶಾಯಿ ಪೆನ್ನುಗಳನ್ನು ಮಾಡುತ್ತ ಬಂದಿದ್ದಾರೆ. 1935ರಲ್ಲಿ ಗಾಂಧೀಜಿ ಅಲ್ಲಿನ ಪೆನ್ನನ್ನು ಬಳಸಿ ನೋಡಿ, ಮೆಚ್ಚಿ ಕಾಗದ ಬರೆದಿದ್ದರು. ಅಂಥ ಪೆನ್ನಿನ ಭಾಗಗಳಿಗೆ ತಿರುಪು ಕೊರೆದಿರುತ್ತಾರೆ. ಕೆಟ್ಟರೆ ಬಿಚ್ಚಬಹುದು, ತೊಳೆಯಬಹುದು, ನಿಬ್ಬು ಬದಲಾಯಿಸಬಹುದು. ನಮ್ಮ ಬೀದಿಯ ಒತ್ತುವ ಪೆನ್ನಿಗೆ ಆ ಅವಕಾಶವಿಲ್ಲ, ಅದು ಒಂದೇ ಸಲಕ್ಕೆ ಸರಿಯಾಗಬೇಕು. ಹಾಗಾದರೆ ತಪ್ಪಿಗೆ ಕ್ಷಮೆಯುಂಟೋ ಇಲ್ಲವೋ ಎಂಬುದನ್ನು ಅರ್ಧ ತೀರ್ಮಾನಿಸುವವರು ಆ ವಸ್ತುವನ್ನು ಯೋಚಿಸಿ ರೂಪಿಸಿದವರು. ನಾವು ಚಿಕ್ಕ ಮಕ್ಕಳ ಕೈಗೆ ಮೊದಲು ಪೆನ್ಸಿಲ್ ಕೊಡುವುದು ಏಕೆ? ಅಳಿಸಲು ಬರಲಿ ಎಂದು. ಕಲಿಯುವವರ ಕೈಗೆ ಬಿಚ್ಚಲು ಬಾರದ, ಅಳಿಸಲು ಬಾರದ ಕೆಲಸವನ್ನು ಕೊಟ್ಟಾಗ, ಮೊದಲ ಕೆಲವು ಒಡಕುಗಳನ್ನು ಕಲಿಕೆಯ ಖರ್ಚೆಂದು ಬರೆದುಕೊಳ್ಳುವುದು ಕೊಟ್ಟವರ ಧರ್ಮ.

ಇದು ಪೆನ್ನಿಗೆ ಮಾತ್ರ ಸಲ್ಲುವ ಮಾತಲ್ಲ. ಮದುವೆಯಾಗಿ ಬಂದ ಹುಡುಗಿಗೆ ಹೊಸ ಮನೆಯ ರೂಢಿಗಳೆಲ್ಲ ಇಂಥ ಬಿಗಿಯಾದ ಭಾಗಗಳೇ. ಎಲ್ಲಿ ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಬೇಕು ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಆ ಮನೆಯ ಅಣ್ಣತಮ್ಮಂದಿರ ನಡುವೆ ಇಪ್ಪತ್ತು ವರ್ಷದಿಂದ ಇದ್ದ ಬಿರುಕು ಅವಳ ಒಂದು ಮಾತಿಗೆ ಸೀಳಿತೆನ್ನಿ, “ಇವಳು ಬಂದಳು, ಮನೆ ಒಡೆಯಿತು” ಎಂದು ಊರು ಹೇಳುತ್ತದೆ. ಮುಪ್ಪಿನ ತಂದೆತಾಯಿಗಳನ್ನು ನೋಡಿಕೊಳ್ಳುವ ಮಗಳಿಗೂ ಹೀಗೇ. ದೂರದಲ್ಲಿರುವ ಒಡಹುಟ್ಟಿದವರು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ, “ನೀನು ಜೊತೆಗಿದ್ದೂ ಹೀಗೇಕಾಯಿತು?” ಜೊತೆಗಿದ್ದವಳು ಅವಳೊಬ್ಬಳೇ ಆದ್ದರಿಂದ ಆ ಪ್ರಶ್ನೆ ಅವಳಿಗೆ ಬಂತು ಎಂಬುದು ಅವರಿಗೆ ಹೊಳೆಯುವುದಿಲ್ಲ. ನಾಜೂಕಾದದ್ದನ್ನು ಹಿಡಿಯಲು ಒಪ್ಪಿದವರ ಕೈಯಲ್ಲೇ ಅದು ಒಡೆಯುವುದು. ಹಿಡಿಯಲು ಒಪ್ಪದವರ ಕೈ ಯಾವಾಗಲೂ ಶುದ್ಧವೇ.

ಆದ್ದರಿಂದ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ನಾವು ಕೂಲಿ ಕೊಡುವ ಕಡೆಗಳಲ್ಲಿ ಏನಾದರೂ ಒಡೆದಾಗ “ಯಾರು ಒಡೆದರು?” ಎನ್ನುವ ಮೊದಲು “ಎಲ್ಲಿಂದ ಒಡೆಯುತ್ತ ಬಂತು?” ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳೋಣ. ಚೂರುಗಳನ್ನು ಗುಡಿಸಿ ಹಾಕುವ ಆತುರ ಬೇಡ. ಬೆಳಕಿಗೆ ಹಿಡಿದು ನೋಡಿದರೆ ಪ್ರತಿ ಚೂರಿನಲ್ಲೂ ಅದರ ಲೆಕ್ಕ ಬರೆದಿರುತ್ತದೆ. ಅದರಲ್ಲಿ ನಮ್ಮ ಪಾಲು ಎಷ್ಟಿದೆಯೋ ಅಷ್ಟನ್ನು ನಾವು ಕೊಟ್ಟುಬಿಟ್ಟರೆ, ಕೊನೆಗೆ ಹಿಡಿದವಳು ತನ್ನ ಪಾಲನ್ನು ತಾನೇ ಎಣಿಸಿ ಕೊಡುತ್ತಾಳೆ.