ಒಪ್ಪಿದ ಕೊಳಗ

ಸಂತೆಯೊಂದು ನೆಟ್ಟಗೆ ನಡೆಯಬೇಕಾದರೆ ಸರಕೂ ಹಣವೂ ಇದ್ದರೆ ಸಾಲದು. ಎಲ್ಲರೂ ಒಪ್ಪಿದ ಕೊಳಗವೊಂದಿರಬೇಕು. ಕೊಳಗವನ್ನು ಒಪ್ಪುವುದು ಸುಲಭ. ತನ್ನ ಮನೆಯಂಗಳದಲ್ಲಿ, ಯಾರೂ ನೋಡದ ವೇಳೆಯಲ್ಲಿ, ತನಗೆ ನಷ್ಟವೊದಗುವಾಗಲೂ ಅದರಿಂದಲೇ ಅಳೆಯುವುದು ಕಷ್ಟ. ವ್ಯಕ್ತಿಯ ವಿಷಯದಲ್ಲಿ ಈ ಮಾತು ಎಷ್ಟು ನಿಜವೋ ರಾಷ್ಟ್ರಗಳ ವಿಷಯದಲ್ಲಿಯೂ ಅಷ್ಟೇ ನಿಜ. ಹಲವು ದೇಶಗಳು ಕೂಡಿ ಒಂದು ಪೇಟೆಯನ್ನು ಕಟ್ಟಿ ಅದಕ್ಕೆ ಸಮಾನವಾದ ನಿಯಮಗಳನ್ನು ಗೊತ್ತುಮಾಡಿದ ಮೇಲೆ, ಒಂದೊಂದು ದೇಶವೂ ಅವುಗಳನ್ನು ಎಷ್ಟರಮಟ್ಟಿಗೆ ನಡೆಸುತ್ತದೆಂಬುದು ಕೇವಲ ವಾಣಿಜ್ಯದ ಪ್ರಶ್ನೆಯಲ್ಲ. ಅದು ಕೊಟ್ಟ ಮಾತಿನ ಪ್ರಶ್ನೆ. ಆದುದರಿಂದ ಅದು ಧರ್ಮದ ಪ್ರಶ್ನೆಯೂ ಹೌದು.

ಇದಕ್ಕೆ ಯೂರೋಪು ಖಂಡಕ್ಕಿಂತ ಉತ್ತಮವಾದ ನಿದರ್ಶನ ದೊರೆಯದು. 1957ರಲ್ಲಿ ಆರು ದೇಶಗಳು ರೋಮಿನಲ್ಲಿ ಮಾಡಿಕೊಂಡ ಕರಾರು ಬೆಳೆದು 1993ರ ಜನವರಿ 1ರಂದು ಒಂದೇ ಪೇಟೆಯಾಯಿತು. ಒಕ್ಕೂಟಕ್ಕೆ ಸೇರದೆಯೇ ನಾರ್ವೆಯೂ ಐಸ್‌ಲೆಂಡೂ 1994ರಿಂದ ಈ ಪೇಟೆಯಲ್ಲಿ ಪಾಲುಗೊಂಡವು. ಸರಕು, ಸೇವೆ, ಬಂಡವಾಳ, ಜನ, ಈ ನಾಲ್ಕೂ ಗಡಿಯ ತಡೆಯಿಲ್ಲದೆ ಸಂಚರಿಸಬೇಕೆಂಬುದೇ ಇದರ ಮೂಲಸೂತ್ರ. ಆದರೆ ಈ ಸೂತ್ರವನ್ನು ಊರೂರಿನಲ್ಲಿ ನಡೆಸುವುದಕ್ಕೆ ಬೇರೆ ದಂಡಾಗಲಿ ಪೋಲೀಸಾಗಲಿ ಇಲ್ಲ. ಬಹುಮಟ್ಟಿಗೆ ಆಯಾ ದೇಶವೇ ತನ್ನ ಕಾನೂನಿನಲ್ಲಿ ಅದನ್ನು ಬರೆದುಕೊಳ್ಳಬೇಕು, ಆಯಾ ದೇಶದ ಅಧಿಕಾರಿಯೇ ನಡೆಸಬೇಕು, ಆಯಾ ದೇಶದ ನ್ಯಾಯಾಧೀಶನೇ ಮೊದಲು ತೀರ್ಮಾನಿಸಬೇಕು. ಒಪ್ಪಿದವನೇ ತನಗೆ ತಾನು ಕಾವಲುಗಾರ.

ಯಾವ ದೇಶ ಎಷ್ಟು ನಿಯಮಗಳನ್ನು ತನ್ನ ಕಾನೂನಿಗೆ ಇಳಿಸಿಕೊಂಡಿದೆಯೆಂಬುದನ್ನು ಎಣಿಸುವ ಪಟ್ಟಿಯೊಂದು 1997ರಿಂದ ಪ್ರಕಟವಾಗತೊಡಗಿತು. ಬಾಕಿಯು ನೂರಕ್ಕೆ ಒಂದನ್ನು ಮೀರಬಾರದೆಂಬ ಗುರಿಯನ್ನು 2007ರಲ್ಲಿ ಇಟ್ಟುಕೊಂಡರು. ಇಂತಹ ಲೆಕ್ಕದಿಂದ ಉಪಯೋಗವುಂಟು. ಸೋಮಾರಿಗೆ ಅದು ನಾಚಿಕೆಯನ್ನು ತರುತ್ತದೆ. ಆದರೆ ಬರೆದುಕೊಂಡುದು ಬೇರೆ, ನಡೆಸಿದುದು ಬೇರೆ. ಪುಸ್ತಕದ ಬದನೆಕಾಯಿ ಪಲ್ಯಕ್ಕೆ ಬಾರದೆಂಬ ತಿಳಿವಳಿಕೆ ಲೆಕ್ಕದ ಪಟ್ಟಿಗಿಲ್ಲ.

ಒಪ್ಪಿದ ಕೊಳಗದಿಂದ ತಪ್ಪುವ ಬಗೆಗಳನ್ನು ವಿಚಾರಿಸಿದರೆ ಅವು ಮುಖ್ಯವಾಗಿ ಮೂರು. ಮೊದಲನೆಯದು ಎದುರು ನಿಂತು ವಾದಿಸುವುದು. ಬವೇರಿಯಾದಲ್ಲಿ 1516ರಲ್ಲಿ ಹುಟ್ಟಿದ ಶುದ್ಧಿಯ ಕಟ್ಟಳೆಯನ್ನು ಹಿಡಿದು, ಜವೆಯ ಮೊಳಕೆ, ಹಾಪ್ಸು, ಹುದುಗು, ನೀರು ಇವಿಷ್ಟರಿಂದ ಆಗದ ಪಾನೀಯವನ್ನು ತನ್ನ ಪೇಟೆಯಲ್ಲಿ ಬಿಯರೆಂದು ಮಾರಗೊಡುವುದಿಲ್ಲವೆಂದು ಜರ್ಮನಿಯು ಹಟತೊಟ್ಟಿತು. ಪ್ರಜೆಗಳ ಆರೋಗ್ಯವೇ ತನ್ನ ಕಾರಣವೆಂದಿತು. ನ್ಯಾಯಾಲಯವು 1987ರಲ್ಲಿ ಈ ವಾದವನ್ನು ಒಪ್ಪಲಿಲ್ಲ. ಸೀಸೆಯ ಮೇಲೆ ಇರುವುದನ್ನು ಬರೆದರೆ ಕೊಳ್ಳುವವನು ತಾನೇ ಆರಿಸಿಕೊಳ್ಳುವನೆಂದು ಹೇಳಿತು. ಜರ್ಮನಿ ಸೋತು ತಲೆಬಾಗಿತು. ಇಲ್ಲಿ ತಪ್ಪಿದ್ದರೂ ವಂಚನೆಯಿಲ್ಲ. ಭಿನ್ನಾಭಿಪ್ರಾಯವು ಬೆಳಕಿನಲ್ಲಿ ನಿಂತಿತ್ತು.

ಎರಡನೆಯದು ಕಣ್ಣು ಮುಚ್ಚಿಕೊಳ್ಳುವುದು. ಸ್ಪೇಯಿನ್ ದೇಶದ ಸ್ಟ್ರಾಬೆರಿ ಮೊದಲಾದ ಫಲಗಳನ್ನು ಹೊತ್ತು ತಂದ ಲಾರಿಗಳನ್ನು ಫ್ರಾನ್ಸಿನ ಕೆಲವರು ರೈತರು ತಡೆದು ಸರಕನ್ನು ನಾಶಮಾಡುತ್ತಿದ್ದರು. ಫ್ರಾನ್ಸಿನ ಕಾನೂನಿನಲ್ಲಿ ದೋಷವಿರಲಿಲ್ಲ. ಅದನ್ನು ನಡೆಸಬೇಕಾದವರ ಕೈ ಏಳಲಿಲ್ಲ. ವರ್ಷಗಟ್ಟಲೆ ಹೀಗೆ ಸುಮ್ಮನಿದ್ದುದೇ ಅಪರಾಧವೆಂದು 1997ರಲ್ಲಿ ತೀರ್ಪಾಯಿತು. ಮಾಡುವುದು ಹೇಗೋ ಹಾಗೆಯೇ ಮಾಡದಿರುವುದೂ ಒಂದು ಕರ್ಮವೆಂಬ ಹಳೆಯ ತತ್ತ್ವಕ್ಕೆ ಇದು ಹೊಸ ದೃಷ್ಟಾಂತ.

ಮೂರನೆಯದು ಕಾಣದಿರುವುದು. ಇದೇ ಎಲ್ಲಕ್ಕಿಂತಲೂ ಭಯಂಕರವಾದುದು. ನಾರ್ವೆಯಲ್ಲಿ ರೋಗಿಗಳಿಗೂ, ಕೆಲಸಮಾಡುವ ಶಕ್ತಿ ಕುಂದಿದವರಿಗೂ ಸರ್ಕಾರದಿಂದ ವೇತನ ದೊರೆಯುತ್ತದೆ. ಅದನ್ನು ಪಡೆಯುವವರು ದೇಶದಲ್ಲಿಯೇ ಇರಬೇಕೆಂಬುದು ಅಲ್ಲಿಯ ಸ್ವಂತ ಕಟ್ಟಳೆ. ಆದರೆ ಸಮಾನ ಪೇಟೆಯ ನಿಯಮದಂತೆ ಇತರ ಸದಸ್ಯ ದೇಶಗಳಿಗೆ ಹೋಗಿಬರುವ ಹಕ್ಕು ಅವರಿಗಿತ್ತು. ಈ ನಿಯಮಕ್ಕೆ ನಾರ್ವೆ ಎಂದೋ ಸಹಿಹಾಕಿತ್ತು. ಆದರೂ ಇಟಲಿಗೋ ಸ್ಪೇಯಿನಿಗೋ ಹೋಗಿಬಂದವರನ್ನು ಸರ್ಕಾರವನ್ನು ವಂಚಿಸಿದವರೆಂದು ಎಣಿಸಿ, ಕೊಟ್ಟ ಹಣವನ್ನು ಕಿತ್ತುಕೊಂಡು, ಹಲವರನ್ನು ಸೆರೆಮನೆಗೆ ಕಳುಹಿಸಿದರು. 2019ರ ಅಕ್ಟೋಬರಿನಲ್ಲಿ ಸರ್ಕಾರವೇ ಈ ತಪ್ಪನ್ನು ಬಹಿರಂಗಪಡಿಸಿತು. ವಿಚಾರಣಾ ಸಮಿತಿ 2020ರಲ್ಲಿ ಕೊಟ್ಟ ವರದಿಗೆ ಕಾಣದ ವಲಯವೆಂಬರ್ಥದ ಹೆಸರನ್ನಿಟ್ಟಿತು. ತಪ್ಪು 1994ರಿಂದಲೇ ನಡೆದುಬಂದಿತ್ತು. ಶಾಸನಕಾರರು, ಅಧಿಕಾರಿಗಳು, ಅಭಿಯೋಜಕರು, ವಕೀಲರು, ನ್ಯಾಯಾಧೀಶರು, ವಿದ್ವಾಂಸರು, ಇವರೆಲ್ಲರೂ ಕಾನೂನನ್ನು ಓದಿದವರು. ಯಾರಿಗೂ ಅದು ಕಾಣಲಿಲ್ಲ. 2017ರಿಂದ ವಿಮಾನ್ಯಾಯಾಧಿಕರಣವು ಕೆಲವು ಪ್ರಕರಣಗಳಲ್ಲಿ ಎಚ್ಚರಿಸಿದರೂ ಕಚೇರಿಯ ನಡೆ ಬೇಗನೆ ತಿದ್ದಲಿಲ್ಲ. 2021ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಶಿಕ್ಷೆ ಪಡೆದಿದ್ದ ಒಬ್ಬನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು.

ಇಲ್ಲಿ ಒಂದು ಕಠಿನವಾದ ಪ್ರಶ್ನೆ ಏಳುತ್ತದೆ. ಅರಿಯದೆ ಮಾಡಿದುದು ಅಪರಾಧವೆ? ಯಾರಿಗೂ ದುರುದ್ದೇಶವಿರಲಿಲ್ಲವಲ್ಲ ಎಂದು ಸಮಾಧಾನ ಹೇಳಬಹುದು. ಆದರೆ ಕಾನೂನನ್ನು ಅರಿಯೆನೆಂಬ ನೆಪ ಸಲ್ಲದೆಂದು ರಾಜ್ಯವು ತನ್ನ ಪ್ರಜೆಗೆ ಹೇಳುತ್ತದೆ. ಹಾಸಿಗೆಯಿಂದೆದ್ದು ಪ್ರಯಾಣಮಾಡಿದ ರೋಗಿಗೆ ಆ ಮಾತನ್ನೇ ಅನ್ವಯಿಸಿ ಶಿಕ್ಷಿಸಿದ ರಾಜ್ಯವು, ತಾನೇ ಸಹಿಹಾಕಿದ ಕಾನೂನನ್ನು ತಾನು ಅರಿಯಲಿಲ್ಲವೆಂದರೆ ಅದು ಸಲ್ಲುವುದೆ? ದಾರಿಹೋಕನಿಗೆ ಅಜ್ಞಾನವು ದುರ್ದೈವ. ಮಾತು ಕೊಟ್ಟವನಿಗೆ ಅದು ಕರ್ತವ್ಯಲೋಪ. ಏಕೆಂದರೆ ಒಪ್ಪಿದುದೇನೆಂಬುದನ್ನು ತಿಳಿದಿರುವುದೂ ಒಪ್ಪಂದದ ಒಂದು ಅಂಗವೇ ಸರಿ.

ಪರರೊಡನೆ ಸೇರಿ ಮಾಡಿದ ನಿಯಮಕ್ಕೆ ಸ್ವತಂತ್ರ ರಾಷ್ಟ್ರವೇಕೆ ತಲೆಬಾಗಬೇಕೆಂದು ಕೇಳುವವರುಂಟು. ಈ ಪ್ರಶ್ನೆ ಹುರುಳಿಲ್ಲದುದಲ್ಲ. ನಾರ್ವೆಯ ಜನ 1972ರಲ್ಲಿಯೂ 1994ರಲ್ಲಿಯೂ ಒಕ್ಕೂಟಕ್ಕೆ ಸೇರುವುದಿಲ್ಲವೆಂದು ಮತಕೊಟ್ಟರು. ಆದುದರಿಂದ ಈ ನಿಯಮಗಳನ್ನು ಮಾಡುವ ಸಭೆಯಲ್ಲಿ ಅವರಿಗೆ ಮತವಿಲ್ಲ. ಆದರೆ ಸ್ವಾತಂತ್ರ್ಯಕ್ಕೆ ನೇರವಾದ ದಾರಿಗಳಿವೆ: ನಿಯಮವನ್ನು ತಿದ್ದಲು ವಾದಿಸಬಹುದು, ಸಹಿಹಾಕದಿರಬಹುದು, ಹಾಕಿದುದನ್ನು ಹೇಳಿ ಕೇಳಿ ಹಿಂತೆಗೆದುಕೊಳ್ಳಬಹುದು. ಪೇಟೆಯ ಲಾಭವನ್ನು ಉಣ್ಣುತ್ತ ಅದರ ಕೊಳಗವನ್ನು ಮೂಲೆಯಲ್ಲಿಡುವುದು ಸ್ವಾತಂತ್ರ್ಯವಲ್ಲ, ಸಡಿಲತೆ. ಆ ಸಡಿಲತೆಯ ಬೆಲೆಯನ್ನು ತೆರುವವನು ಮಂತ್ರಿಯಲ್ಲ. ಗಡಿಯಲ್ಲಿ ಹಣ್ಣು ಕಳೆದುಕೊಂಡ ಬೇಸಾಯಗಾರ, ಸೆರೆಯಲ್ಲಿ ಕುಳಿತ ರೋಗಿ.

ತನ್ನ ತಪ್ಪನ್ನು ತಾನೇ ಸಾರಿ, ವಿಚಾರಣೆ ನಡೆಸಿ, ನಿರ್ದೋಷಿಯನ್ನು ಬಿಡುಗಡೆಮಾಡಿದುದು ನಾರ್ವೆಗೆ ಗೌರವದ ಸಂಗತಿ. ಎಡವದ ರಾಷ್ಟ್ರವಿಲ್ಲ; ಎಡವಿದೆನೆಂದು ಒಪ್ಪುವ ರಾಷ್ಟ್ರಗಳು ವಿರಳ. ಆದರೂ ಕಳೆದ ದಿನಗಳನ್ನು ಸೆರೆಯಿಂದ ಬಂದವನಿಗೆ ಯಾವ ತೀರ್ಪೂ ಹಿಂದಕ್ಕೆ ಕೊಡಲಾರದು. ಆದುದರಿಂದ ಒಂದು ದೇಶವು ಸಮಾನ ನಿಯಮವನ್ನು ಎಷ್ಟು ಚೆನ್ನಾಗಿ ನಡೆಸುತ್ತದೆಂಬುದನ್ನು ಪಟ್ಟಿಯ ಅಂಕೆಯಿಂದ ಮಾತ್ರ ಅಳೆಯಬಾರದು. ಆ ದೇಶದ ಕಚೇರಿಯ ಬಾಗಿಲಲ್ಲಿ ನಿಂತ ದುರ್ಬಲನೊಬ್ಬನಿಗೆ, ತನ್ನ ಹಕ್ಕನ್ನು ತಾನೇ ಹೆಸರಿಸಲು ಬಾರದವನಿಗೆ, ಆ ಹಕ್ಕು ಕೇಳದೆಯೇ ದೊರೆಯಿತೆ ಎಂದು ನೋಡಬೇಕು. ಕೊಳಗದ ಸತ್ಯವು ತಿಳಿಯುವುದು ಅಳೆಯುವವನ ಮಾತಿನಿಂದಲ್ಲ, ಅಳೆಸಿಕೊಂಡವನ ಚೀಲದಿಂದ.