ಕ್ರಿಸ್ತನ ನೆಲದವರು ಹೂಡಿದ ವರ್ಣವ್ಯಾಜ್ಯ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಲೆಬನಾನ್ ಪರ್ವತದ ಹಳ್ಳಿಗಳನ್ನು ತೊರೆದು, ಬೇರೂತಿನಲ್ಲಿ ಹಡಗು ಹತ್ತಿ, ಮಾರ್ಸೇಲ್ಸಿನಲ್ಲಿ ಕೆಲಕಾಲ ತಂಗಿ ಅಮೆರಿಕಕ್ಕೆ ಸಾಗಿದ, ಅಂದು ಸಿರಿಯನ್ನರೆನಿಸಿದ ಜನರಿಗೆ, ತಾವು ಯಾವ ವರ್ಣದವರೆಂಬ ಚಿಂತೆ ಊರಿನಲ್ಲಿದ್ದಾಗ ಎಂದೂ ಬಾಧಿಸಿದುದಿಲ್ಲ. ಯಾವ ಹಳ್ಳಿ, ಯಾವ ಮನೆತನ, ಮತದಿಂದ ಮ್ಯಾರೊನೈಟನೋ ಆರ್ಥಡಾಕ್ಸನೋ ದ್ರೂಸನೋ ಎಂದು ಕೇಳಿದರೆ ಅಲ್ಲಿ ಒಬ್ಬನ ಗುರುತು ಮುಗಿಯುತ್ತಿದ್ದಿತು. ವರ್ಣದ ಪ್ರಶ್ನೆ ಅವರಿಗೆ ಎದುರಾದದ್ದು ಪ್ರಯಾಣದ ಹಾದಿಯಲ್ಲಿ.

ವಲಸಿಗರು ಬಂದಿಳಿಯುತ್ತಿದ್ದ ಎಲಿಸ್ ದ್ವೀಪದಲ್ಲಿ ವೈದ್ಯನು ಗುಂಡಿ ಹಾಕುವ ಕೊಕ್ಕೆಯಿಂದ ಬಂದವರ ಕಣ್ಣಿನ ರೆಪ್ಪೆಯನ್ನು ಹೊರಮಗುಚಿ ಟ್ರಕೋಮಾ ರೋಗವನ್ನು ಹುಡುಕುತ್ತಿದ್ದನು. ಸಂಶಯ ಬಂದವನ ಕೋಟಿನ ಮೇಲೆ ಸೀಮೆಸುಣ್ಣದಿಂದ ಅಕ್ಷರ ಬರೆಯುತ್ತಿದ್ದರು. ದಾಖಲೆಯ ಪುಟದಲ್ಲಿ, 1899ರ ತರುವಾಯ, ‘ಸಿರಿಯನ್’ ಎಂಬುದು ಒಂದು ಪ್ರತ್ಯೇಕ ಜನಾಂಗವೆನಿಸಿತು. ತುರ್ಕಿ ಸುಲ್ತಾನನ ಪ್ರಜೆಯಾಗಿ ಹಡಗು ಹತ್ತಿದವನು ಹೀಗೆ ಗುಮಾಸ್ತನ ಲೇಖನಿಯಿಂದ ಹೊಸ ಕುಲವೊಂದನ್ನು ಪಡೆದು ಕೆಳಗಿಳಿದನು.

ಆದರೆ ಪೌರತ್ವವು ದೊರೆಯಬೇಕಾದರೆ ಆ ಕುಲವು ಬಿಳಿಯದಾಗಿರಬೇಕಿತ್ತು. 1790ರ ಕಾನೂನು ಸ್ವತಂತ್ರರಾದ ಶ್ವೇತವರ್ಣೀಯರಿಗೆ ಮಾತ್ರ ಬಾಗಿಲು ತೆರೆದಿತ್ತು; 1870ರಲ್ಲಿ ಆಫ್ರಿಕನ್ ಮೂಲದವರನ್ನೂ ಸೇರಿಸಿದರು; ಏಷ್ಯದವರು ನಡುವೆ ನಿಂತರು. 1909ರಲ್ಲಿ ಲಾಸ್ ಏಂಜಲೀಸಿನಲ್ಲಿ ಪೌರತ್ವ ಬೇಡಿದ ಜಾರ್ಜ್ ಶಿಶಿಮ್ ಎಂಬ ಪೋಲೀಸನು, ಏಷ್ಯದವನೆಂಬ ಕಾರಣಕ್ಕೆ ತಾನು ಮಂಗೋಲನಾದರೆ ತನ್ನ ನಾಡಿನಲ್ಲಿ ಜನಿಸಿದ ಯೇಸುವೂ ಮಂಗೋಲನೇ ಎಂದು ವಾದಿಸಿದನೆಂದು ಪ್ರಸಿದ್ಧಿ. ದಕ್ಷಿಣ ಕೆರೊಲಿನಾದಲ್ಲಿ ಜಾರ್ಜ್ ಡೌ ಎಂಬಾತನ ಮೊಕದ್ದಮೆಯಲ್ಲಿಯೂ ಇದೇ ಮಾತು ಬಂದಾಗ, 1914ರಲ್ಲಿ ನ್ಯಾಯಾಧೀಶ ಸ್ಮಿತ್ ಅದನ್ನು ತರ್ಕವಿಲ್ಲದ ಬರಿಯ ಭಾವಾವೇಶವೆಂದು ತಳ್ಳಿಹಾಕಿದನು. ಮರುವರ್ಷ ಮೇಲ್ಮನವಿಯಲ್ಲಿ ಡೌ ಗೆದ್ದನು.

ಆ ಗೆಲುವನ್ನು ನಾನು ಅಲ್ಪವೆನ್ನಲಾರೆ. ಗಂಟುಮೂಟೆ ಹೊತ್ತು ಮನೆಮನೆಗೆ ಅಲೆದು ಲೇಸು, ಗುಂಡಿ ಮಾರಿ ಬದುಕಿದವರಿಗೆ ಪೌರತ್ವವೆಂದರೆ ಅನ್ನದ ಭದ್ರತೆ. ಆದರೂ ಮನಸ್ಸು ಕಳವಳಗೊಳ್ಳುತ್ತದೆ. ಪರಮಾತ್ಮನು ಯಾವ ದೇಹವನ್ನು ಧರಿಸಿ ಅವತರಿಸಿದನೋ ಆ ದೇಹವನ್ನು ಆತನ ಭಕ್ತರೇ ನಿರಾಕರಿಸಬಹುದೇ ಎಂಬ ಪ್ರಶ್ನೆಯನ್ನು ಪೂರ್ಣವಾಗಿ ಕೇಳಿದ್ದರೆ ಅದು ವರ್ಣದ ಬೇಲಿಯನ್ನೇ ಕಿತ್ತೆಸೆಯುತ್ತಿದ್ದಿತು. ಸಿರಿಯನ್ನರು ಕೇಳಿದುದೋ ಬೇಲಿಯ ಒಳಗೆ ಒಂದು ಸ್ಥಳವನ್ನು. ನಮ್ಮ ದೇಶದವನೇ ಆದ ಭಗತ್ ಸಿಂಗ್ ಥಿಂಡನೂ ಅಲ್ಲಿನ ಪೌರತ್ವಕ್ಕಾಗಿ ತಾನು ಉಚ್ಚಜಾತಿಯ ಆರ್ಯನೆಂದು ವಾದಿಸಿ, 1923ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತನು. ಜಾತಿಯನ್ನೇ ಆಧಾರವಾಗಿಸಿಕೊಂಡ ಆ ವಾದ ನಮಗೆ ಸಿರಿಯನ್ನರದಕ್ಕಿಂತ ಹೆಚ್ಚು ಲಜ್ಜೆ ತರಬೇಕು.

ಕ್ರಿಸ್ತನನ್ನು ಸಾಕ್ಷಿಗೆ ಕರೆದ ವಾದವು ಕ್ರೈಸ್ತರಲ್ಲದವರ ಪಾಲಿಗೆ ಏನಾಯಿತೆಂಬುದಕ್ಕೆ 1942ರ ಒಂದು ತೀರ್ಪೇ ಸಾಕು. ಆ ವರ್ಷ ಮಿಷಿಗನ್ನಿನಲ್ಲಿ ಯೆಮನ್ ದೇಶದ ಅಹ್ಮದ್ ಹಸನ್ ಎಂಬ ಅರಬನಿಗೆ ಪೌರತ್ವವನ್ನು ನಿರಾಕರಿಸಿದ ನ್ಯಾಯಾಲಯವು, ಅವನ ಮೈಬಣ್ಣದೊಡನೆ ಅವನ ಇಸ್ಲಾಂ ಮತವನ್ನೂ ಗಣನೆಗೆ ತೆಗೆದುಕೊಂಡಿತು.